ಅಣುವಿನೊಳಗೆ ಸ್ಥಾನಪಲ್ಲಟ

ಕನ್ನಡ ವ್ಯಾಕರಣದ ಮೊದಲ ಪಾಠಗಳನ್ನು ಓದಿದವರೆಲ್ಲರಿಗೂ ಆದೇಶಸಂಧಿಯ ಪರಿಚಯವುಂಟು. 'ಮಳೆ', 'ಕಾಲ' ಎಂಬ ಎರಡು ಪದಗಳು ಕೂಡಿದಾಗ ಕಕಾರವು ತನ್ನ ಸ್ಥಾನವನ್ನು ತೆರವು ಮಾಡುತ್ತದೆ. ಆ ಸ್ಥಾನಕ್ಕೆ ಗಕಾರವು ಬರುತ್ತದೆ. 'ಮಳೆಗಾಲ'ವೆಂಬ ಪದ ಸಿದ್ಧವಾಗುತ್ತದೆ. ಉಳಿದ ಅಕ್ಷರಗಳೆಲ್ಲ ಇದ್ದಂತೆಯೇ ಇರುತ್ತವೆ. ರಸಾಯನ ವಿಜ್ಞಾನದಲ್ಲಿಯೂ ಇಂತಹುದೇ ವ್ಯಾಪಾರವೊಂದುಂಟು. ಅಣುವಿನಲ್ಲಿ ನೆಲೆಸಿದ್ದ ಒಂದು ಪರಮಾಣು ಹೊರಟುಹೋಗಿ, ಅದರ ಜಾಗಕ್ಕೆ ಬೇರೊಂದು ಪರಮಾಣುವೋ ಪರಮಾಣುಗಳ ಗುಂಪೋ ಬಂದು ಸೇರುತ್ತದೆ. ಇದಕ್ಕೂ ಆದೇಶ ಕ್ರಿಯೆಯೆಂದೇ ಹೆಸರು.

ಆದರೆ ಒಂದು ವ್ಯತ್ಯಾಸವನ್ನು ನಾವು ಮರೆಯಬಾರದು. ವ್ಯಾಕರಣದ ಆದೇಶಕ್ಕೆ ಕಾಲದ ಗೊಡವೆಯಿಲ್ಲ. ಅಣುವಿನ ಆದೇಶಕ್ಕೆ ಕಾಲವೇ ಮುಖ್ಯ. ಒಂದು ವಸ್ತುವಿನಲ್ಲಿ ಈ ಪಲ್ಲಟವು ಕ್ಷಣಗಳಲ್ಲಿ ಮುಗಿಯುತ್ತದೆ. ಇನ್ನೊಂದರಲ್ಲಿ ಗಂಟೆಗಟ್ಟಲೆ ಕಾಯಿಸಬೇಕಾಗುತ್ತದೆ. ಮತ್ತೊಂದರಲ್ಲಿ ವರ್ಷಗಳು ಉರುಳಿದರೂ ಏನೂ ನಡೆಯದು. ಅಡುಗೆಯ ಬಾಣಲೆಗೆ ಬಳಿದಿರುವ ಅಂಟದ ಲೇಪ, ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಮೈಮೇಲೆ ಗುಳ್ಳೆಗಳನ್ನೆಬ್ಬಿಸಿದ ಘೋರ ವಿಷ, ಇಂದು ಕ್ಯಾನ್ಸರ್ ರೋಗಿಗಳಿಗೆ ಕೊಡುವ ಕೆಲವು ಔಷಧಗಳು, ಈ ಮೂರರ ಗುಟ್ಟೂ ಇಂಗಾಲ ಮತ್ತು ಹ್ಯಾಲೊಜನ್ನುಗಳ ನಡುವಣ ಬಂಧದಲ್ಲಿಯೇ ಅಡಗಿದೆ. ಒಂದೇ ಜಾತಿಯ ಬಂಧವು ಒಂದೆಡೆ ಜಡವಾಗಿಯೂ ಒಂದೆಡೆ ಮಾರಕವಾಗಿಯೂ ಇನ್ನೊಂದೆಡೆ ಉಪಕಾರಿಯಾಗಿಯೂ ವರ್ತಿಸುವುದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಹ್ಯಾಲೊಆಲ್ಕೇನುಗಳೆಂದರೇನು?

ಇಂಗಾಲ ಮತ್ತು ಜಲಜನಕಗಳು ಮಾತ್ರ ಸರಳವಾಗಿ ಕೂಡಿ ಆಗಿರುವ ವಸ್ತುಗಳಿಗೆ ಆಲ್ಕೇನುಗಳೆಂದು ಹೆಸರು. ಸೀಮೆಎಣ್ಣೆಯ ಬಹುಭಾಗವೂ ಮೇಣದಬತ್ತಿಯ ಮೇಣವೂ ಈ ವರ್ಗಕ್ಕೆ ಸೇರಿದವು. ಇವು ಚೆನ್ನಾಗಿ ಉರಿಯುತ್ತವೆ. ಅದನ್ನು ಬಿಟ್ಟರೆ ಇವುಗಳಷ್ಟು ನಿರಾಸಕ್ತ ವಸ್ತುಗಳು ವಿರಳ. ಮೇಣವನ್ನು ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ಎಷ್ಟು ಕುದಿಸಿದರೂ ಅದು ಕರಗಿ ತೇಲುತ್ತದೆಯೇ ಹೊರತು ಬೇರೆ ವಸ್ತುವಾಗುವುದಿಲ್ಲ.

ಆಲ್ಕೇನಿನ ಒಂದು ಜಲಜನಕ ಪರಮಾಣುವಿನ ಸ್ಥಾನದಲ್ಲಿ ಫ್ಲೂರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಎಂಬ ನಾಲ್ಕು ಧಾತುಗಳಲ್ಲಿ ಒಂದನ್ನು ಇರಿಸಿದರೆ ಹ್ಯಾಲೊಆಲ್ಕೇನ್ ದೊರೆಯುತ್ತದೆ. ಈ ನಾಲ್ಕು ಧಾತುಗಳೂ ಲೋಹಗಳೊಡನೆ ಸೇರಿ ಲವಣಗಳನ್ನು ಕೊಡುವುದರಿಂದ ಇವನ್ನು ಹ್ಯಾಲೊಜನ್‌ಗಳು, ಎಂದರೆ ಲವಣಜನಕಗಳು, ಎಂದು ಕರೆಯುತ್ತಾರೆ. ನಾವು ನಿತ್ಯ ಉಣ್ಣುವ ಉಪ್ಪು ಸೋಡಿಯಮ್ಮೂ ಕ್ಲೋರಿನ್ನೂ ಸೇರಿ ಆದುದು. ೧೮೪೭ರಲ್ಲಿ ಎಡಿನ್‌ಬರೋದ ವೈದ್ಯ ಸಿಂಪ್ಸನ್ನನು ನೋವು ಮರೆಸಲು ಬಳಕೆಗೆ ತಂದ ಕ್ಲೋರೋಫಾರ್ಮಿನಲ್ಲಿ ಒಂದಲ್ಲ, ಮೂರು ಕ್ಲೋರಿನ್ ಪರಮಾಣುಗಳಿವೆ.

ಜಲಜನಕವೊಂದನ್ನು ತೆಗೆದು ಹ್ಯಾಲೊಜನನ್ನು ಇರಿಸಿದೊಡನೆ ಅಣುವಿನ ಸ್ವಭಾವವೇ ಬದಲಾಗುತ್ತದೆ. ಜಡವಾಗಿದ್ದ ಅಣುವಿನಲ್ಲಿ ಆಕ್ರಮಣಕ್ಕೆ ಒಳಗಾಗುವ ಒಂದು ಮರ್ಮಸ್ಥಾನ ಹುಟ್ಟಿಕೊಳ್ಳುತ್ತದೆ. ಇದು ಹೇಗೆಂಬುದನ್ನು ನೋಡೋಣ.

ಹಂಚಿಕೆಯಲ್ಲಿ ಅಸಮತೆ

ಎರಡು ಪರಮಾಣುಗಳು ಎರಡು ಎಲೆಕ್ಟ್ರಾನುಗಳನ್ನು ಹಂಚಿಕೊಂಡಾಗ ಅವುಗಳ ನಡುವೆ ಬಂಧ ಏರ್ಪಡುತ್ತದೆ. ಹಂಚಿಕೆಯೆಂದ ಮಾತ್ರಕ್ಕೆ ಅದು ಸಮಪಾಲೇ ಆಗಬೇಕೆಂದಿಲ್ಲ. ಚಳಿಯ ರಾತ್ರಿಯಲ್ಲಿ ಇಬ್ಬರು ಒಂದೇ ಕಂಬಳಿಯನ್ನು ಹೊದ್ದು ಮಲಗಿದರೆನ್ನಿ. ಇಬ್ಬರ ಬಲವೂ ಸಮನಾಗಿದ್ದರೆ ಕಂಬಳಿಯು ನಡುವೆಯೇ ಇರುತ್ತದೆ. ಒಬ್ಬನು ಹೆಚ್ಚು ಬಲಶಾಲಿಯಾದರೆ ಕಂಬಳಿಯು ಅವನ ಕಡೆಗೆ ಸರಿದು ಇನ್ನೊಬ್ಬನ ಮೈ ತೆರೆದುಕೊಳ್ಳುತ್ತದೆ. ಎಲೆಕ್ಟ್ರಾನುಗಳ ಹಂಚಿಕೆಯಲ್ಲಿಯೂ ಹೀಗೆಯೇ. ಹಂಚಿಕೊಂಡ ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಸೆಳೆಯುವ ಪರಮಾಣುವಿನ ಸಾಮರ್ಥ್ಯಕ್ಕೆ ವಿದ್ಯುದೃಣತೆಯೆಂದು ಹೆಸರು. ಅಮೆರಿಕದ ಲೈನಸ್ ಪೌಲಿಂಗನು ೧೯೩೨ರಲ್ಲಿ ಇದನ್ನು ಅಂಕಿಗಳಲ್ಲಿ ಅಳೆಯುವ ಕ್ರಮವನ್ನು ರೂಪಿಸಿದನು.

ಆ ಕ್ರಮದಂತೆ ಇಂಗಾಲದ ಅಂಕ ೨.೫೫, ಜಲಜನಕದ್ದು ೨.೨೦. ಇವುಗಳ ಅಂತರ ಅಲ್ಪ. ಆದುದರಿಂದಲೇ ಆಲ್ಕೇನುಗಳು ನಿರಾಸಕ್ತ. ಹ್ಯಾಲೊಜನ್ನುಗಳ ಅಂಕಗಳಾದರೋ ಫ್ಲೂರಿನ್ ೩.೯೮, ಕ್ಲೋರಿನ್ ೩.೧೬, ಬ್ರೋಮಿನ್ ೨.೯೬, ಅಯೋಡಿನ್ ೨.೬೬. ನಾಲ್ಕೂ ಇಂಗಾಲಕ್ಕಿಂತ ಮಿಗಿಲು. ಆದುದರಿಂದ ಇಂಗಾಲವು ಹ್ಯಾಲೊಜನ್ನಿನೊಡನೆ ಕೂಡಿದಾಗ ಎಲೆಕ್ಟ್ರಾನುಗಳು ಹ್ಯಾಲೊಜನ್ನಿನ ಕಡೆಗೆ ವಾಲುತ್ತವೆ. ಆ ತುದಿಯಲ್ಲಿ ಅಲ್ಪ ಋಣವಿದ್ಯುತ್ತೂ ಇಂಗಾಲದ ತುದಿಯಲ್ಲಿ ಅಲ್ಪ ಧನವಿದ್ಯುತ್ತೂ ಕಾಣಿಸಿಕೊಳ್ಳುತ್ತವೆ. ಹೀಗೆ ಎರಡು ಧ್ರುವಗಳುಳ್ಳ ಬಂಧವನ್ನು ಧ್ರುವೀಯ ಬಂಧವೆನ್ನುತ್ತೇವೆ. ಕಂಬಳಿ ಸರಿದು ತೆರೆದುಕೊಂಡ ಇಂಗಾಲವೇ ಆ ಮರ್ಮಸ್ಥಾನ.

ಈ ಸ್ಥಾನವನ್ನು ಅರಸಿಕೊಂಡು ಬರುವವು ಯಾವುವು? ತಮ್ಮಲ್ಲಿ ಹಂಚಿಕೊಳ್ಳಲು ಸಿದ್ಧವಾದ ಒಂದು ಜೊತೆ ಎಲೆಕ್ಟ್ರಾನುಗಳನ್ನು ಉಳ್ಳ ಅಣುಗಳು ಮತ್ತು ಅಯಾನುಗಳು. ಪರಮಾಣುವಿನ ಬೀಜವು ಧನವಿದ್ಯುತ್ತಿನದಾದುದರಿಂದ ಇವು ಅದರತ್ತ ಒಲಿಯುತ್ತವೆ. ಹಾಗೆಂದೇ ಇವಕ್ಕೆ ನ್ಯೂಕ್ಲಿಯೋಫೈಲ್, ಅರ್ಥಾತ್ ಬೀಜಪ್ರಿಯ, ಎಂಬ ಹೆಸರು. ಕಾಸ್ಟಿಕ್ ಸೋಡಾದಲ್ಲಿರುವ ಹೈಡ್ರಾಕ್ಸೈಡ್ ಅಯಾನು, ಅಮೋನಿಯ, ಸಯನೈಡ್ ಅಯಾನು, ಕೊನೆಗೆ ನಮ್ಮ ನೀರು ಕೂಡ ಈ ಗುಂಪಿಗೆ ಸೇರಿದವು. ಬ್ರೋಮೋಈಥೇನನ್ನು ಕಾಸ್ಟಿಕ್ ಸೋಡಾದ ತಿಳಿ ದ್ರಾವಣದೊಡನೆ ಬಿಸಿಮಾಡಿದರೆ ಬ್ರೋಮಿನ್ ಹೊರಟುಹೋಗಿ ಹೈಡ್ರಾಕ್ಸೈಡ್ ಅದರ ಸ್ಥಾನವನ್ನು ಪಡೆಯುತ್ತದೆ, ಮದ್ಯಸಾರ ದೊರೆಯುತ್ತದೆ. ಅಮೋನಿಯವನ್ನು ಬಳಸಿದರೆ ಈಥೈಲ್ ಅಮೀನ್ ಬರುತ್ತದೆ. ಸಯನೈಡನ್ನು ಬಳಸಿದರೆ ಅದರೊಡನೆ ಒಂದು ಇಂಗಾಲವೂ ಬಂದು ಸೇರಿ, ಎರಡು ಇಂಗಾಲಗಳ ಸರಪಣಿ ಮೂರರದಾಗಿ ಬೆಳೆಯುತ್ತದೆ. ಔಷಧಗಳನ್ನೂ ಬಣ್ಣಗಳನ್ನೂ ತಯಾರಿಸುವವರಿಗೆ ಹ್ಯಾಲೊಆಲ್ಕೇನುಗಳು ಅನಿವಾರ್ಯವಾಗಿರುವುದಕ್ಕೆ ಇದೇ ಕಾರಣ: ಒಂದೇ ವಸ್ತುವಿನಿಂದ ಹೊರಟು ಹಲವು ಕಡೆಗೆ ಹೋಗಬಹುದು.

ನಿರೀಕ್ಷೆಗೆ ವಿರುದ್ಧವಾದ ಫಲ

ಇಷ್ಟನ್ನು ತಿಳಿದ ಮೇಲೆ ವಾಚಕರು ತಾವೇ ಒಂದು ತೀರ್ಮಾನಕ್ಕೆ ಬಂದಿರಬಹುದು. ಇಂಗಾಲದೊಡನೆ ಅಂಕದ ಅಂತರವು ಫ್ಲೂರಿನ್ನಿಗೆ ೧.೪೩, ಕ್ಲೋರಿನ್ನಿಗೆ ೦.೬೧, ಬ್ರೋಮಿನ್ನಿಗೆ ೦.೪೧, ಅಯೋಡಿನ್ನಿಗೆ ೦.೧೧ ಮಾತ್ರ. ಅಂತರ ಹೆಚ್ಚಿದಷ್ಟೂ ಇಂಗಾಲವು ಹೆಚ್ಚು ತೆರೆದುಕೊಂಡಿರಬೇಕು. ಬೀಜಪ್ರಿಯವು ಹೆಚ್ಚು ಬಲವಾಗಿ ಸೆಳೆಯಲ್ಪಡಬೇಕು. ಆದುದರಿಂದ ಫ್ಲೂರಿನ್ ಉಳ್ಳ ವಸ್ತು ಎಲ್ಲಕ್ಕಿಂತ ವೇಗವಾಗಿಯೂ ಅಯೋಡಿನ್ ಉಳ್ಳದ್ದು ಎಲ್ಲಕ್ಕಿಂತ ನಿಧಾನವಾಗಿಯೂ ಬದಲಾಗಬೇಕಲ್ಲವೆ?

ತರ್ಕವು ಸರಿಯಾಗಿಯೇ ತೋರುತ್ತದೆ. ಆದರೆ ವಿಜ್ಞಾನದಲ್ಲಿ ಕೊನೆಯ ಮಾತು ಪ್ರಯೋಗದ್ದು. ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ಮಾಡುವ ಒಂದು ಸುಲಭವಾದ ಪರೀಕ್ಷೆಯನ್ನು ಇಲ್ಲಿ ವಿವರಿಸುತ್ತೇವೆ. ಮೂರು ಪ್ರನಾಳಗಳಲ್ಲಿ ಸಮಪ್ರಮಾಣದ ಮದ್ಯಸಾರವನ್ನು ತೆಗೆದುಕೊಂಡು, ಒಂದಕ್ಕೆ ಕ್ಲೋರೋಬ್ಯೂಟೇನ್, ಇನ್ನೊಂದಕ್ಕೆ ಬ್ರೋಮೋಬ್ಯೂಟೇನ್, ಮತ್ತೊಂದಕ್ಕೆ ಅಯೋಡೋಬ್ಯೂಟೇನ್‌ಗಳ ಕೆಲವು ತೊಟ್ಟುಗಳನ್ನು ಹಾಕಬೇಕು. ಪ್ರನಾಳಗಳನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ಸಿಲ್ವರ್ ನೈಟ್ರೇಟಿನ ಜಲದ್ರಾವಣವನ್ನು ಮೂರಕ್ಕೂ ಒಂದೇ ಸಮಯಕ್ಕೆ ಸೇರಿಸಬೇಕು. ಇಲ್ಲಿ ನೀರೇ ಬೀಜಪ್ರಿಯ. ನೀರು ಇಂಗಾಲವನ್ನು ಸೇರಿ ಹ್ಯಾಲೊಜನ್ ಹೊರಬಿದ್ದಂತೆಲ್ಲ ಬೆಳ್ಳಿಯ ಅಯಾನು ಅದನ್ನು ಹಿಡಿದು, ಕರಗದ ಗಸಿಯಾಗಿ ಕಣ್ಣಿಗೆ ತೋರಿಸಿಕೊಡುತ್ತದೆ.

ಮೊದಲು ಬಣ್ಣ ಕಾಣಿಸಿಕೊಳ್ಳುವುದು ಅಯೋಡಿನ್ನಿನ ಪ್ರನಾಳದಲ್ಲಿ. ಅಲ್ಲಿ ಹಳದಿಯ ಗಸಿ ಮೂಡುತ್ತದೆ. ಸ್ವಲ್ಪ ಹೊತ್ತು ಕಳೆದ ಮೇಲೆ ಬ್ರೋಮಿನ್ನಿನದರಲ್ಲಿ ಕೆನೆಬಣ್ಣದ ಗಸಿ ಬರುತ್ತದೆ. ಕ್ಲೋರಿನ್ನಿನದು ಬಹಳ ಹೊತ್ತು ಕಾದ ಮೇಲೆ ತುಸುವೇ ಬೆಳ್ಳಗಾಗುತ್ತದೆ. ಫ್ಲೂರಿನ್ನಿಗೆ ಈ ಪರೀಕ್ಷೆ ಒದಗುವುದಿಲ್ಲ. ಏಕೆಂದರೆ ಸಿಲ್ವರ್ ಫ್ಲೂರೈಡು ನೀರಿನಲ್ಲಿ ಕರಗಿಬಿಡುತ್ತದೆ. ಆದರೆ ಬೇರೆ ವಿಧಾನಗಳಿಂದ ಅಳೆದು ನೋಡಿದಾಗಲೂ ಫ್ಲೂರೋಆಲ್ಕೇನುಗಳೇ ನಾಲ್ಕರಲ್ಲಿ ಅತಿ ನಿಧಾನವೆಂದು ಕಂಡುಬಂದಿದೆ. ನಮ್ಮ ನಿರೀಕ್ಷೆ ಬುಡಮೇಲಾಯಿತು.

ಇದಕ್ಕೆ ಕಾರಣವೇನು? ನಾವು ಬರುವವನ ಉತ್ಸಾಹವನ್ನು ಮಾತ್ರ ಲೆಕ್ಕಹಾಕಿದೆವು. ಇರುವವನು ಹೊರಡಬೇಕೆಂಬುದನ್ನು ಮರೆತೆವು. ಬಾಡಿಗೆಯ ಮನೆಗೆ ಹೊಸ ಒಕ್ಕಲು ಎಷ್ಟೇ ಆತುರದಿಂದ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಂದರೂ ಹಳೆಯ ಒಕ್ಕಲು ತೆರವು ಮಾಡದೆ ಒಳಹೊಗುವಂತಿಲ್ಲ. ಹ್ಯಾಲೊಜನ್ ಹೊರಡಬೇಕಾದರೆ ಬಂಧವು ಕಡಿಯಬೇಕು. ಕಡಿಯಲು ಶಕ್ತಿ ಬೇಕು. ಒಂದು ಮೋಲ್ ಪ್ರಮಾಣದ ಬಂಧಗಳನ್ನು ಕಡಿಯಲು ಬೇಕಾಗುವ ಶಕ್ತಿಯು ಇಂಗಾಲ-ಫ್ಲೂರಿನ್ ಬಂಧಕ್ಕೆ ಸುಮಾರು ೪೮೫ ಕಿಲೋಜೂಲ್, ಕ್ಲೋರಿನ್ನಿಗೆ ಸುಮಾರು ೩೪೦, ಬ್ರೋಮಿನ್ನಿಗೆ ಸುಮಾರು ೨೮೫, ಅಯೋಡಿನ್ನಿಗೆ ಸುಮಾರು ೨೧೩. ಫ್ಲೂರಿನ್ನಿನ ಬಂಧಕ್ಕೆ ಅಯೋಡಿನ್ನಿನದಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಶಕ್ತಿ ಬೇಕು. ಫ್ಲೂರಿನ್ ಚಿಕ್ಕ ಪರಮಾಣು. ಇಂಗಾಲಕ್ಕೆ ಅಂಟಿಕೊಂಡಂತೆ ನಿಲ್ಲುತ್ತದೆ. ಅಯೋಡಿನ್ ದೊಡ್ಡದು; ದೂರದಿಂದ ಸಡಿಲವಾಗಿ ಹಿಡಿದುಕೊಂಡಿರುತ್ತದೆ. ಅಲ್ಲದೆ ಹೊರಡುವಾಗ ಹ್ಯಾಲೊಜನ್ ಬಂಧದ ಎರಡು ಎಲೆಕ್ಟ್ರಾನುಗಳನ್ನೂ ಹೊತ್ತೊಯ್ಯುತ್ತದೆ. ಆ ಋಣವಿದ್ಯುತ್ತಿನ ಭಾರವು ಅಯೋಡಿನ್ನಿನ ವಿಶಾಲವಾದ ಮೈಯಲ್ಲಿ ಹರಡಿಕೊಂಡು ಹಗುರವಾಗುತ್ತದೆ.

ಇದರಿಂದ ನಾವು ತಿಳಿಯತಕ್ಕದ್ದಿಷ್ಟು: ಬಂಧದ ಧ್ರುವೀಯತೆಯು ಬೀಜಪ್ರಿಯಕ್ಕೆ ದಾರಿಯನ್ನು ತೋರಿಸುತ್ತದೆ, ಯಾವ ಹ್ಯಾಲೊಜನ್ ಎಷ್ಟು ಬೇಗ ಸ್ಥಾನವನ್ನು ಬಿಡುವುದೆಂಬುದನ್ನು ಬಂಧದ ಬಲವು ಗೊತ್ತುಮಾಡುತ್ತದೆ.

ತಲೆಬಾಗಿಲು ಮತ್ತು ಹಿತ್ತಿಲ ಬಾಗಿಲು

ಹಳಬನು ಹೊರಡುವುದಕ್ಕೂ ಹೊಸಬನು ಬರುವುದಕ್ಕೂ ಎರಡು ಬಗೆಯ ಕ್ರಮಗಳುಂಟು. ಒಂದರಲ್ಲಿ ಹಳಬನು ಮೊದಲು ಹೊರಟುಹೋಗುತ್ತಾನೆ. ಮನೆಯು ಕ್ಷಣಕಾಲ ಬರಿದಾಗಿರುತ್ತದೆ. ಅನಂತರ ಹೊಸಬನು ಬರುತ್ತಾನೆ. ಇನ್ನೊಂದರಲ್ಲಿ ಹೊಸಬನು ಹಿತ್ತಿಲ ಬಾಗಿಲಿನಿಂದ ಒಳಗೆ ತಳ್ಳಿಕೊಂಡು ಬರುತ್ತಿರುವಾಗಲೇ ಹಳಬನು ತಲೆಬಾಗಿಲಿನಿಂದ ಹೊರಬೀಳುತ್ತಾನೆ. ಮೊದಲನೆಯ ಕ್ರಮದಲ್ಲಿ ಹೊಸಬರ ಸಂಖ್ಯೆಯನ್ನು ಇಮ್ಮಡಿಸಿದರೂ ವೇಗವು ಹೆಚ್ಚದು. ಎರಡನೆಯದರಲ್ಲಿ ವೇಗವೂ ಇಮ್ಮಡಿಸುತ್ತದೆ. ಹೀಗೆ ವೇಗವನ್ನು ಅಳೆದೇ ಅಣುಗಳು ಯಾವ ಕ್ರಮವನ್ನು ಹಿಡಿದವೆಂದು ಹೇಳಬಹುದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಹ್ಯೂಸ್ ಮತ್ತು ಇಂಗೋಲ್ಡ್ ಎಂಬಿಬ್ಬರು ೧೯೩೦ರ ದಶಕದಲ್ಲಿ ಈ ವಿಷಯವನ್ನು ಶೋಧಿಸಿ, ಎರಡು ಕ್ರಮಗಳಿಗೆ ಎಸ್‌ಎನ್‌೧, ಎಸ್‌ಎನ್‌೨ ಎಂಬ ಹೆಸರುಗಳನ್ನಿಟ್ಟರು. ಹ್ಯಾಲೊಜನನ್ನು ಹೊತ್ತ ಇಂಗಾಲಕ್ಕೆ ಬೇರೆ ಮೂರು ಇಂಗಾಲಗಳು ಸುತ್ತಲೂ ಜೋಡಿಸಿಕೊಂಡಿದ್ದರೆ ಹಿತ್ತಿಲ ದಾರಿ ಮುಚ್ಚಿಹೋಗುತ್ತದೆ. ಆಗ ಮೊದಲನೆಯ ಕ್ರಮವೇ ಗತಿ.

ಎರಡನೆಯ ಕ್ರಮದ ಒಂದು ಗುರುತನ್ನು ಅದಕ್ಕೂ ಬಹಳ ಮುಂಚೆಯೇ, ೧೮೯೬ರಲ್ಲಿ, ರೀಗಾ ನಗರದ ಪಾಲ್ ವಾಲ್ಡೆನ್ ಕಂಡಿದ್ದನು. ಎಡಗೈಗೂ ಬಲಗೈಗೂ ಇರುವ ಭೇದದಂತೆ ಕೆಲವು ಅಣುಗಳಲ್ಲಿಯೂ ಎಡ-ಬಲಗಳೆಂಬ ಎರಡು ರೂಪಗಳುಂಟು. ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ ಅಂತಹುದು. ವಾಲ್ಡೆನ್ನನು ಅದರ ಒಂದು ರೂಪವನ್ನು ತೆಗೆದುಕೊಂಡು, ಅದರ ಹೈಡ್ರಾಕ್ಸಿಲ್ ಗುಂಪನ್ನು ತೆಗೆದು ಕ್ಲೋರಿನ್ನನ್ನು ಇರಿಸಿದನು. ಮತ್ತೆ ಕ್ಲೋರಿನ್ನನ್ನು ತೆಗೆದು ಹೈಡ್ರಾಕ್ಸಿಲನ್ನು ಇರಿಸಿದನು. ಹೊರಟಲ್ಲಿಗೇ ಬಂದು ಸೇರಬೇಕಾಗಿತ್ತು. ಆದರೆ ಕೊನೆಗೆ ದೊರೆತದ್ದು ಮೊದಲಿನದರ ಕನ್ನಡಿಯ ಬಿಂಬ! ದಾರಿಯ ಒಂದು ಹಂತದಲ್ಲಿ ಅಣುವು ಮಗುಚಿಕೊಂಡಿತ್ತು. ಬಿರುಗಾಳಿಯು ಎದುರಿನಿಂದ ಬಡಿದಾಗ ಛತ್ರಿಯು ಒಳಹೊರಗಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಬೀಜಪ್ರಿಯವು ಹಿಂದಿನಿಂದ ಬಂದು ಸೇರುವಾಗ ಇಂಗಾಲದ ಉಳಿದ ಮೂರು ಬಂಧಗಳೂ ಹಾಗೆಯೇ ಮಗುಚಿಕೊಳ್ಳುತ್ತವೆ.

೧೯೩೫ರಲ್ಲಿ ಹ್ಯೂಸ್ ಮತ್ತು ಅವನ ಸಂಗಡಿಗರು ಇದನ್ನು ಲೆಕ್ಕದಿಂದಲೇ ಸಿದ್ಧಪಡಿಸಿದರು. ಅಯೋಡಿನ್ ಉಳ್ಳ ಆಕ್ಟೇನ್ ಒಂದರ ಬಲರೂಪವನ್ನೋ ಎಡರೂಪವನ್ನೋ ವಿಕಿರಣಶೀಲ ಅಯೋಡೈಡಿನೊಡನೆ ಬೆರೆಸಿದರೆ ಅಯೋಡಿನ್ನಿನ ಸ್ಥಾನಕ್ಕೆ ಅಯೋಡಿನ್ನೇ ಬರುತ್ತದೆ. ಎಷ್ಟು ಅಣುಗಳಲ್ಲಿ ಪಲ್ಲಟ ನಡೆಯಿತೆಂಬುದನ್ನು ವಿಕಿರಣವು ಹೇಳುತ್ತದೆ. ಎಷ್ಟು ಅಣುಗಳು ಮಗುಚಿದವೆಂಬುದನ್ನು ದ್ರಾವಣದ ಮೂಲಕ ಹಾದುಹೋಗುವ ಧ್ರುವೀಕೃತ ಬೆಳಕು ಹೇಳುತ್ತದೆ. ಮಗುಚಿದ ಒಂದು ಅಣುವು ಮಗುಚದ ಇನ್ನೊಂದರ ಪ್ರಭಾವವನ್ನೂ ಅಳಿಸಿಹಾಕುವುದರಿಂದ, ಪ್ರತಿಯೊಂದು ಪಲ್ಲಟದಲ್ಲಿಯೂ ಅಣುವು ಮಗುಚುವುದಾದರೆ ಬೆಳಕಿನ ಮೇಲಣ ಪ್ರಭಾವವು ಪಲ್ಲಟದ ಎರಡರಷ್ಟು ವೇಗದಿಂದ ಅಳಿಯಬೇಕು. ಅಳತೆಯಲ್ಲಿ ಕಂಡುಬಂದದ್ದೂ ಹಾಗೆಯೇ.

ವಿಷವು ಮದ್ದಾದ ಬಗೆ

ಇದುವರೆಗೆ ಹೇಳಿದ್ದು ಪ್ರನಾಳದೊಳಗಿನ ಮಾತು. ನಮ್ಮ ದೇಹವೂ ಬೀಜಪ್ರಿಯಗಳಿಂದ ತುಂಬಿದೆ. ನೀರು, ಪ್ರೋಟೀನುಗಳಲ್ಲಿರುವ ಗಂಧಕ ಮತ್ತು ಸಾರಜನಕಗಳು, ವಂಶಗುಣಗಳನ್ನು ಹೊತ್ತಿರುವ ಡಿಎನ್‌ಎಯ ಸಾರಜನಕ ಪರಮಾಣುಗಳು ಇವೆಲ್ಲವೂ ಬೀಜಪ್ರಿಯಗಳೇ. ಸುಲಭವಾಗಿ ಸ್ಥಾನ ಬಿಡುವ ಹ್ಯಾಲೊಜನ್ ಉಳ್ಳ ವಸ್ತುವೊಂದು ದೇಹವನ್ನು ಹೊಕ್ಕರೆ ಏನಾಗಬಹುದು?

೧೯೧೭ರ ಜುಲೈ ೧೨ರಂದು ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೈನ್ಯವು ಮೊದಲ ಬಾರಿಗೆ ಪ್ರಯೋಗಿಸಿದ ಸಾಸಿವೆ ಅನಿಲವು ಇದಕ್ಕೆ ಉತ್ತರ ಕೊಟ್ಟಿತು. ಹೆಸರಿಗೆ ಅನಿಲವಾದರೂ ಇದು ಎಣ್ಣೆಯಂತಹ ದ್ರವ. ಇದರ ಅಣುವಿನ ನಡುವೆ ಒಂದು ಗಂಧಕದ ಪರಮಾಣುವಿದೆ. ಅದರ ಎರಡು ಕಡೆಯೂ ಎರಡೆರಡು ಇಂಗಾಲಗಳ ತೋಳುಗಳು. ತೋಳುಗಳ ತುದಿಯಲ್ಲಿ ಒಂದೊಂದು ಕ್ಲೋರಿನ್. ಸಾಮಾನ್ಯವಾಗಿ ಕ್ಲೋರಿನ್ ಬೇಗ ಹೊರಡುವುದಲ್ಲವೆಂದು ಮೇಲೆ ಕಂಡೆವು. ಇಲ್ಲಿಯಾದರೋ ಅದನ್ನು ಹೊರದೂಡುವ ಬೀಜಪ್ರಿಯವು ಮನೆಯೊಳಗೇ ಇದೆ. ಗಂಧಕವು ತನ್ನ ಎಲೆಕ್ಟ್ರಾನು ಜೊತೆಯಿಂದ ತುದಿಯ ಇಂಗಾಲವನ್ನು ಹಿಡಿದು ಕ್ಲೋರಿನ್ನನ್ನು ಹೊರಕ್ಕೆ ಕಳುಹಿಸುತ್ತದೆ. ಮೂರು ಪರಮಾಣುಗಳ ಇಕ್ಕಟ್ಟಾದ ಉಂಗುರವೊಂದು ಆಗುತ್ತದೆ. ಧನವಿದ್ಯುತ್ತಿನಿಂದ ಕೂಡಿದ ಈ ಉಂಗುರವು ಹತ್ತಿರವಿರುವ ಯಾವ ಬೀಜಪ್ರಿಯಕ್ಕಾದರೂ ಕೂಡಲೇ ಅಂಟಿಕೊಳ್ಳುತ್ತದೆ. ಎರಡು ತೋಳುಗಳೂ ಡಿಎನ್‌ಎಯ ಎರಡು ಎಳೆಗಳನ್ನು ಹಿಡಿದುಕೊಂಡರೆ ಎಳೆಗಳು ಬಿಡಿಸಿಕೊಳ್ಳಲಾರವು. ಜೀವಕೋಶವು ಎರಡಾಗಿ ಒಡೆಯಲಾರದೆ ಸಾಯುತ್ತದೆ. ಸೋಂಕಿದಾಗ ಏನೂ ತಿಳಿಯದಿದ್ದ ಸೈನಿಕರ ಮೈಯಲ್ಲಿ ಗಂಟೆಗಳು ಕಳೆದ ಮೇಲೆ ಗುಳ್ಳೆಗಳೆದ್ದವು; ಕಣ್ಣುಗಳು ಮುಚ್ಚಿಹೋದವು.

ಈ ವಿಷಕ್ಕೆ ಗುರಿಯಾದವರ ರಕ್ತದಲ್ಲಿ ಬಿಳಿಯ ಕಣಗಳು ಬಹಳವಾಗಿ ಕುಗ್ಗಿರುವುದನ್ನು ೧೯೧೯ರಲ್ಲಿ ಅಮೆರಿಕದ ವೈದ್ಯರು ವರದಿಮಾಡಿದರು. ಬೇಗಬೇಗ ಇಬ್ಭಾಗವಾಗುವ ಕೋಶಗಳಿಗೇ ಪೆಟ್ಟು ಹೆಚ್ಚು. ಹಾಗಾದರೆ ಅಂಕೆಮೀರಿ ಬೆಳೆಯುವ ಕ್ಯಾನ್ಸರ್ ಕೋಶಗಳ ಮೇಲೆ ಇದನ್ನು ಏಕೆ ಪ್ರಯೋಗಿಸಬಾರದು? ೧೯೪೨ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಗುಡ್‌ಮನ್ ಮತ್ತು ಗಿಲ್‌ಮನ್ ಎಂಬುವರು ಗಂಧಕದ ಬದಲು ಸಾರಜನಕವುಳ್ಳ ಇದೇ ಮಾದರಿಯ ವಸ್ತುವನ್ನು ಆರಿಸಿಕೊಂಡರು. ದುಗ್ಧಗ್ರಂಥಿಗಳ ಕ್ಯಾನ್ಸರಿನಿಂದ ಮರಣದಂಚಿನಲ್ಲಿದ್ದ ರೋಗಿಯೊಬ್ಬನಿಗೆ ಅದನ್ನು ಕೊಟ್ಟಾಗ ಕೆಲವೇ ದಿನಗಳಲ್ಲಿ ಗಡ್ಡೆಗಳು ಕರಗಿದವು. ದುರ್ದೈವದಿಂದ ಅವು ಮತ್ತೆ ಬೆಳೆದವು. ರೋಗಿ ಹೆಚ್ಚು ಕಾಲ ಬದುಕಲಿಲ್ಲ. ಯುದ್ಧದ ಗೋಪ್ಯತೆಯ ಕಾರಣದಿಂದ ಈ ಸಂಗತಿ ೧೯೪೬ರವರೆಗೆ ಪ್ರಕಟವಾಗಲಿಲ್ಲ. ಆದರೂ ಕ್ಯಾನ್ಸರನ್ನು ರಾಸಾಯನಿಕದಿಂದ ಹಿಮ್ಮೆಟ್ಟಿಸಬಹುದೆಂಬ ಭರವಸೆ ಅಂದು ಹುಟ್ಟಿತು.

ಉಳಿದ ಸಮಸ್ಯೆ ವೇಗದ್ದು. ಆ ಮೊದಲ ವಸ್ತುವು ರಕ್ತಕ್ಕೆ ಬಿದ್ದ ಕೆಲವು ನಿಮಿಷಗಳಲ್ಲಿಯೇ ಕಂಡಕಂಡದ್ದಕ್ಕೆ ಅಂಟಿಕೊಂಡು ಮುಗಿದುಹೋಗುತ್ತಿತ್ತು. ವೇಗವನ್ನು ತಗ್ಗಿಸುವುದು ಹೇಗೆ? ೧೯೫೦ರ ದಶಕದಲ್ಲಿ ಲಂಡನ್ನಿನ ಚೆಸ್ಟರ್ ಬೀಟಿ ಸಂಶೋಧನಾ ಸಂಸ್ಥೆಯ ರಸಾಯನ ವಿಜ್ಞಾನಿಗಳು ಸಾರಜನಕಕ್ಕೆ ಒಂದು ಬೆಂಜೀನ್ ಉಂಗುರವನ್ನು ಜೋಡಿಸಿದರು. ಆ ಉಂಗುರವು ಸಾರಜನಕದ ಎಲೆಕ್ಟ್ರಾನುಗಳನ್ನು ಭಾಗಶಃ ತನ್ನೆಡೆಗೆ ಎಳೆದುಕೊಳ್ಳುವುದರಿಂದ ಕ್ಲೋರಿನ್ನನ್ನು ಹೊರದೂಡುವ ಅದರ ಉತ್ಸಾಹ ತಗ್ಗಿತು. ಹೀಗೆ ಹುಟ್ಟಿದ ಕ್ಲೋರಾಂಬುಸಿಲ್, ಮೆಲ್ಫಲಾನ್ ಎಂಬ ಔಷಧಗಳನ್ನು ರೋಗಿಯು ಮಾತ್ರೆಯ ರೂಪದಲ್ಲಿ ನುಂಗಬಹುದಾಯಿತು. ಅನಂತರ ಬಂದ ಸೈಕ್ಲೋಫಾಸ್ಫಮೈಡ್ ಯಕೃತ್ತಿನಲ್ಲಿ ರೂಪಾಂತರ ಹೊಂದುವವರೆಗೂ ಸುಮ್ಮನಿರುತ್ತದೆ. ಇವು ಇಂದಿಗೂ ಬಳಕೆಯಲ್ಲಿವೆ. ಚಿಕಿತ್ಸೆಯ ಕಾಲದಲ್ಲಿ ಕೂದಲುದುರುವುದೂ ರಕ್ತಕಣಗಳು ಕುಗ್ಗುವುದೂ ಏಕೆಂದು ರೋಗಿಗಳ ಮನೆಯವರು ಕೇಳುವುದುಂಟು. ಬೇಗ ಇಬ್ಭಾಗವಾಗುವ ಸ್ವಸ್ಥ ಕೋಶಗಳಿಗೂ ಈ ಔಷಧಗಳ ಪೆಟ್ಟು ತಗಲುವುದೇ ಅದಕ್ಕೆ ಕಾರಣ. ಇನ್ನು ಮೂಲವಿಷವಾದ ಸಾಸಿವೆ ಅನಿಲವು ೧೯೯೭ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದದಿಂದ ನಿಷಿದ್ಧವಾಯಿತು. ಭಾರತವು ತನ್ನ ಸಂಗ್ರಹವನ್ನು ೨೦೦೯ರಲ್ಲಿ ಪೂರ್ತಿಯಾಗಿ ನಾಶಪಡಿಸಿತು.

ಬಿಡದ ಬಂಧ

ಬಿಡಲೊಲ್ಲದ ಬಂಧದಿಂದಲೂ ಲಾಭ ನಷ್ಟಗಳೆರಡೂ ಉಂಟು. ೧೯೩೮ರಲ್ಲಿ ರಾಯ್ ಪ್ಲಂಕೆಟ್ ಅಕಸ್ಮಾತ್ತಾಗಿ ಕಂಡ ಟೆಫ್ಲಾನಿನಲ್ಲಿ ಇಂಗಾಲದ ಸರಪಣಿಯು ಪೂರ್ತಿಯಾಗಿ ಫ್ಲೂರಿನ್ನಿನ ಕವಚವನ್ನು ತೊಟ್ಟಿದೆ. ಹುಳಿಯಾಗಲಿ ಉಪ್ಪಾಗಲಿ ಎಣ್ಣೆಯಾಗಲಿ ಅದನ್ನು ಅಲುಗಿಸಲಾರವು. ಬಾಣಲೆಯ ಲೇಪಕ್ಕೆ ಅದು ತಕ್ಕುದಾದುದು ಇದರಿಂದಲೇ. ಆದರೆ ಫ್ಲೂರಿನ್ ಕವಚದ ಕೆಲವು ಬೇರೆ ವಸ್ತುಗಳು ಕೆರೆಬಾವಿಗಳ ನೀರನ್ನು ಸೇರಿದ ಮೇಲೆ ಕೊಳೆಯದೆ ಉಳಿದುಬಿಡುವುದು ಇಂದು ಚಿಂತೆಗೆ ಕಾರಣವಾಗಿದೆ. ಶೀತಕಯಂತ್ರಗಳಿಗಾಗಿ ೧೯೨೮ರಲ್ಲಿ ಥಾಮಸ್ ಮಿಡ್‌ಗ್ಲಿ ತಯಾರಿಸಿದ, ಕ್ಲೋರಿನ್ನೂ ಫ್ಲೂರಿನ್ನೂ ಉಳ್ಳ ಅನಿಲವು ನೀರಿಗೂ ಜಗ್ಗದೆ ಮಳೆಗೂ ತೊಳೆಯದೆ ವಾಯುಮಂಡಲದ ಮೇಲುಭಾಗವನ್ನು ಮುಟ್ಟಿತು. ಅಲ್ಲಿ ಅತಿನೇರಳೆ ಕಿರಣಗಳು ಅದರ ದುರ್ಬಲವಾದ ಬಂಧವನ್ನು, ಎಂದರೆ ಕ್ಲೋರಿನ್ನಿನದನ್ನು, ಕಡಿದವು. ಬಿಡುಗಡೆಯಾದ ಕ್ಲೋರಿನ್ ಓಜೋನ್ ಪದರವನ್ನು ಕೆಡಿಸತೊಡಗಿತು. ಮೊಲಿನಾ ಮತ್ತು ರೋಲಂಡ್ ಎಂಬುವರು ೧೯೭೪ರಲ್ಲಿ ಕೊಟ್ಟ ಎಚ್ಚರಿಕೆಯೂ ೧೯೮೭ರ ಮಾಂಟ್ರಿಯಲ್ ಒಪ್ಪಂದವೂ ಇದರ ಫಲ.

ಹೊರಡಬೇಕಾದಾಗ ಹೊರಡದ ಬಂಧವು ನೆಲಜಲಗಳಿಗೆ ಭಾರ. ಹೊರಡಬಾರದಲ್ಲಿ ಹೊರಡುವುದು ಜೀವಕ್ಕೆ ಕಂಟಕ. ತಕ್ಕ ಕಾಲಕ್ಕೆ, ತಕ್ಕ ಸ್ಥಳದಲ್ಲಿ, ತಕ್ಕ ವೇಗದಿಂದ ಹ್ಯಾಲೊಜನ್ ತನ್ನ ಸ್ಥಾನವನ್ನು ತೆರವು ಮಾಡುವಂತೆ ಅಣುವನ್ನು ರೂಪಿಸುವುದೇ ರಸಾಯನ ವಿಜ್ಞಾನಿಯ ಕೆಲಸ. ಮೂರು ಪ್ರನಾಳಗಳಲ್ಲಿ ಯಾವುದು ಮೊದಲು ಹಳದಿಯಾಯಿತೆಂದು ಗಮನಿಸುವ ವಿದ್ಯಾರ್ಥಿಯು ಆ ಕೆಲಸದ ಮೊದಲ ಪಾಠವನ್ನು ಕಲಿಯುತ್ತಿದ್ದಾನೆ.